ನಿಧಿಯೂ ನಿಕ್ಷೇಪವೂ

ಮನುಷ್ಯನು ಭೂಮಿಯಿಂದ ಪಡೆಯುವ ಸಂಪತ್ತು ಎರಡು ತೆರನಾದುದು. ಹೊಲದ ರಾಗಿ, ತೋಟದ ಅಡಕೆ, ಕೆರೆಯ ನೀರು, ಹಸುವಿನ ಹಾಲು ಇವು ಮೊದಲನೆಯ ತೆರ. ಈ ವರ್ಷ ಕೊಯ್ದದ್ದು ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಸಂಜೆ ಕರೆದ ಹಾಲು ಬೆಳಗಾಗುವ ಹೊತ್ತಿಗೆ ಮತ್ತೆ ಕೆಚ್ಚಲಿಗೆ ಇಳಿಯುತ್ತದೆ. ಮಿತವರಿತು ನಡೆದುಕೊಂಡರೆ ತಾತನು ಉಂಡುದನ್ನೇ ಮೊಮ್ಮಗನೂ ಉಣ್ಣಬಹುದು. ಗಣಿಯ ಸಂಪತ್ತು ಈ ಬಗೆಯದಲ್ಲ. ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದೆ ಭೂಗರ್ಭದ ಬಿಸಿನೀರಿನೊಡನೆ ಹರಿದುಬಂದು ಶಿಲೆಯ ಬಿರುಕುಗಳಲ್ಲಿ ನೆಲೆಗೊಂಡ ಚಿನ್ನವನ್ನು ಒಮ್ಮೆ ತೆಗೆದರೆ ತೆಗೆದಂತೆಯೇ ಸರಿ. ಅದಕ್ಕೆ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ನಮ್ಮ ಗಾದೆಯು ಹುಟ್ಟಿದ್ದು ಮನೆವಾರ್ತೆಯ ವಿಷಯದಲ್ಲಿ. ಆದರೆ ಅದು ದೇಶದ ವಿಷಯದಲ್ಲಿಯೂ ಅಷ್ಟೇ ದಿಟವಾದುದು.

ಹೀಗೆ ಒಮ್ಮೆ ಮಾತ್ರ ದೊರೆಯತಕ್ಕ ವಸ್ತುವನ್ನು ಯಾವ ತಲೆಮಾರಿನವರು ತೆಗೆದುಕೊಳ್ಳಬೇಕು? ತೆಗೆದುಕೊಂಡವರು ಉಳಿದವರಿಗೆ ಏನನ್ನು ಸಲ್ಲಿಸಬೇಕು? ಒಂದು ಗಣಿಯು ಬರಿದಾಯಿತೆಂದು ಕಂಡಾಗ ಮತ್ತೊಂದನ್ನು ಹುಡುಕುವುದು ಯುಕ್ತವೆ? ಯುಕ್ತವಾದರೆ ಯಾವ ನಿಯಮಗಳಿಗೆ ಒಳಪಟ್ಟು ಯುಕ್ತ? ಕನ್ನಡನಾಡಿನವರಿಗೆ ಇವು ಬರಿಯ ತರ್ಕದ ಪ್ರಶ್ನೆಗಳಲ್ಲ. ಕೋಲಾರದ ಚಿನ್ನದ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿಹೋದುವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಿರುವರು. ಗದಗು ಮೊದಲಾದ ಕಡೆಗಳಲ್ಲಿ ಹೊಸ ಶೋಧನೆಯ ಮಾತು ಆಗಾಗ ಏಳುತ್ತಿರುವುದು. ಆದಕಾರಣ ಈ ವಿಷಯವನ್ನು ನಾವು ಸಾವಧಾನವಾಗಿ ವಿಚಾರಮಾಡತಕ್ಕುದು.

ವಿಚಾರಕ್ಕೆ ತೊಡಗುವ ಮುನ್ನ ಎರಡು ಮಾತುಗಳ ಅರ್ಥವನ್ನು ನೋಡೋಣ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪಟ್ಟಿ ಪರಿಚಿತವಾದುದು. ಗ್ರಾಮವೊಂದನ್ನು ದೇವಾಲಯಕ್ಕೋ ವಿದ್ವಾಂಸರಿಗೋ ಧಾರೆಯೆರೆದು ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಹಕ್ಕುಗಳನ್ನು ಎಣಿಸಿ ಹೇಳುವುದು ವಾಡಿಕೆ. ವಿಜಯನಗರದ ಕಾಲದ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಇವುಗಳಲ್ಲಿ ನಿಧಿಯೆಂದರೆ ನೆಲದಲ್ಲಿ ಆಕಸ್ಮಿಕವಾಗಿ ಸಿಕ್ಕುವ, ಒಡೆಯನು ಯಾರೆಂದು ತಿಳಿಯದ ಹೊನ್ನು. ನಿಕ್ಷೇಪವೆಂದರೆ ಇಟ್ಟದ್ದು, ಇರಿಸಿದ್ದು. ಸಿದ್ಧವೆಂದರೆ ಈಗಾಗಲೇ ಕೈಗೆ ಬಂದಿರುವ ಹುಟ್ಟುವಳಿ. ಸಾಧ್ಯವೆಂದರೆ ಮುಂದೆ ಪ್ರಯತ್ನದಿಂದ ಸಾಧಿಸಿಕೊಳ್ಳಬಹುದಾದದ್ದು.

ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂಬ ಮಾತಿಗೆ ಇನ್ನೂ ನಿಶ್ಚಿತವಾದ ಅರ್ಥವಿದೆ. ಒಬ್ಬನು ನಂಬಿಕೆಯಿಂದ ಮತ್ತೊಬ್ಬನ ವಶದಲ್ಲಿ ಇಟ್ಟ ವಸ್ತುವಿಗೆ ಅಲ್ಲಿ ನಿಕ್ಷೇಪವೆಂದು ಹೆಸರು. ಮನುವು ಎಣಿಸಿದ ೧೮ ವ್ಯವಹಾರಪದಗಳಲ್ಲಿ ಮೊದಲನೆಯದು ಸಾಲದ ವಿಚಾರ, ಎರಡನೆಯದು ನಿಕ್ಷೇಪ. ಅದರ ಬೆನ್ನಿಗೇ ಬರುವುದು ಅಸ್ವಾಮಿವಿಕ್ರಯ, ಅಂದರೆ ಒಡೆಯನಲ್ಲದವನು ಮಾಡಿದ ಮಾರಾಟ. ಈ ಮೂರೂ ಒಂದರ ಪಕ್ಕದಲ್ಲಿ ಒಂದು ನಿಂತಿರುವುದು ಮನನಮಾಡತಕ್ಕ ವಿಷಯ. ನಿಧಿಯನ್ನು ಕಂಡವನಿಗೆ ಸಂತೋಷವುಂಟು. ಅರಸನ ಪಾಲನ್ನು ಸಲ್ಲಿಸಿದರೆ ಅವನ ಹೊಣೆ ತೀರಿತು. ನಿಕ್ಷೇಪವನ್ನು ಇಟ್ಟುಕೊಂಡವನಿಗೆ ಅಂತಹ ನಿಶ್ಚಿಂತೆಯಿಲ್ಲ. ಅವನು ಅದನ್ನು ಕಾಯಬೇಕು, ಕೇಳಿದಾಗ ಲೆಕ್ಕ ಒಪ್ಪಿಸಬೇಕು, ತನ್ನ ಸ್ವಂತಕ್ಕೆ ವೆಚ್ಚಮಾಡಿದ್ದರೆ ತುಂಬಿಕೊಡಬೇಕು.

ಇಂದಿನ ಕನ್ನಡದಲ್ಲಿ ಭೂಗರ್ಭದ ಅದಿರಿಗೆ ಖನಿಜನಿಕ್ಷೇಪವೆಂಬ ಹೆಸರು ನಿಂತಿದೆ. ಹೆಸರು ಹೇಗೆ ಬಂದಿದ್ದರೂ ಅದರಲ್ಲಿ ಒಂದು ನೀತಿ ಅಡಗಿದೆ. ಮಾತಿನಲ್ಲಿ ನಾವು ನಿಕ್ಷೇಪವೆನ್ನುತ್ತೇವೆ, ನಡತೆಯಲ್ಲಿ ನಿಧಿಯೆಂದು ಭಾವಿಸುತ್ತೇವೆ. ಈ ಎರಡರ ನಡುವಣ ಅಂತರವೇ ಪ್ರಕೃತ ಲೇಖನದ ವಿಷಯ.

ಕೋಲಾರದ ಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ೧೮೦೨ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಗೆ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ೧೮೭೦ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. ೧೮೮೦ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೆಲಸವನ್ನು ಕೈಗೆತ್ತಿಕೊಂಡರು. ಮೊದಲ ಕೆಲವು ವರ್ಷ ನಷ್ಟವೇ ಆಗಿ, ಮೂಲಧನ ಕರಗಿ, ಇನ್ನೇನು ಬಿಟ್ಟು ಹೋಗಬೇಕೆನ್ನುವಷ್ಟರಲ್ಲಿ ಚಾಂಪಿಯನ್ ರೀಫ್ ಎಂದು ಆಮೇಲೆ ಪ್ರಸಿದ್ಧವಾದ ಅದಿರಿನ ಪಟ್ಟೆಯು ಕೈಗೆ ಸಿಕ್ಕಿತು. ಅಲ್ಲಿಂದ ಮುಂದೆ ಗಣಿಯು ಆಳಕ್ಕೆ ಆಳಕ್ಕೆ ಇಳಿದು ಕೊನೆಗೆ ೧೦,೦೦೦ ಅಡಿಯನ್ನು ಮೀರಿತು. ಅಷ್ಟು ಕೆಳಗೆ ಬಂಡೆಯ ಕಾವು ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು. ಮೇಲಣ ಭಾರದ ಒತ್ತಡದಿಂದ ಬಂಡೆಯು ಇದ್ದಕ್ಕಿದ್ದಂತೆ ಸಿಡಿಯುವುದೂ ಉಂಟು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿಯ ಆಡಳಿತಕ್ಕೆ ಸೇರಿದುವು.

ಸುಮಾರು ೧೨೦ ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಚಿನ್ನವು ಹೆಚ್ಚು ಕಡಮೆ ೮೦೦ ಟನ್ನು. ಆದಿಯಲ್ಲಿ ಒಂದು ಟನ್ನು ಅದಿರಿಗೆ ೪೦ ಗ್ರಾಮನ್ನು ಮೀರಿ ಚಿನ್ನ ದೊರೆತದ್ದುಂಟು. ಕೊನೆಯ ವರ್ಷಗಳಲ್ಲಿ ಅದು ೫ ಗ್ರಾಮಿಗಿಂತಲೂ ಕೆಳಗಿಳಿಯಿತು. ಆಳ ಹೆಚ್ಚಿದಂತೆ ವೆಚ್ಚ ಏರಿತು, ಹುಟ್ಟುವಳಿ ಇಳಿಯಿತು. ಎರಡೂ ಒಂದನ್ನೊಂದು ದಾಟಿದಂದು ಗಣಿಯ ಆಯುಸ್ಸು ಮುಗಿಯಿತೆಂದು ಹೇಳಿದರು.

ಆದರೆ ಗಣಿಯು ಬರಿದಾಯಿತೆಂಬ ಮಾತಿಗೆ ನಿಜವಾದ ಅರ್ಥವೇನು? ಅಲ್ಲಿ ಚಿನ್ನವೇ ಇಲ್ಲವೆಂದು ಅರ್ಥವಲ್ಲ. ಗಣಿಶಾಸ್ತ್ರಜ್ಞರು ನೆಲದಲ್ಲಿರುವ ಲೋಹವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಇದೆಯೆಂದು ಪರೀಕ್ಷೆಯಿಂದ ಗೊತ್ತಾಗಿ, ಈ ಕಾಲದ ವಿದ್ಯೆಯಿಂದ ತೆಗೆದು ಈ ಕಾಲದ ಬೆಲೆಗೆ ಮಾರಿದರೆ ಖರ್ಚು ಕಳೆದು ಏನಾದರೂ ಉಳಿಯುವಷ್ಟನ್ನು ಮಾತ್ರ ಅವರು ರಿಸರ್ವು ಎನ್ನುವರು. ಉಳಿದದ್ದು ಬರಿಯ ಸಂಭಾವನೆಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಶಾಸನಗಳ ಭಾಷೆಯಲ್ಲಿ ಮೊದಲನೆಯದು ಸಿದ್ಧ, ಎರಡನೆಯದು ಸಾಧ್ಯ. ಬೆಲೆ ಏರಿದರೆ ಸಾಧ್ಯವು ಸಿದ್ಧವಾಗುತ್ತದೆ. ಬೆಲೆ ಇಳಿದರೆ ಸಿದ್ಧವು ಮರಳಿ ಸಾಧ್ಯವಾಗುತ್ತದೆ. ಬಂಡೆಯು ಮಾತ್ರ ಅಲುಗದೆ ಇದ್ದಲ್ಲಿಯೇ ಇರುತ್ತದೆ. ಕೋಲಾರದ ಗಣಿ ಮುಚ್ಚಿದ ೨೦೦೧ರಲ್ಲಿ ಔನ್ಸು ಚಿನ್ನಕ್ಕೆ ಲೋಕದ ಪೇಟೆಯಲ್ಲಿ ೩೦೦ ಡಾಲರಿಗೂ ಕಡಮೆ ಬೆಲೆಯಿತ್ತು; ೨೦೨೪ರಲ್ಲಿ ಅದು ೨,೦೦೦ ಡಾಲರನ್ನು ಬಹಳವಾಗಿ ಮೀರಿತು. ಗಣಿಯ ಸುತ್ತ ಬೆಟ್ಟದಂತೆ ನಿಂತಿರುವ ಸೈನೈಡ್ ದಿಬ್ಬಗಳನ್ನೇ ನೋಡಬಹುದು. ಅರೆದು ಚಿನ್ನ ತೆಗೆದಾದ ಮೇಲೆ ಕಸವೆಂದು ಸುರಿದ ಆ ಪುಡಿಯ ಮೊತ್ತ ಮೂರು ಕೋಟಿ ಟನ್ನಿಗೂ ಹೆಚ್ಚು. ಟನ್ನಿಗೆ ಒಂದು ಗ್ರಾಮಿಗಿಂತ ಕಡಮೆ ಚಿನ್ನವಿರುವ ಆ ದಿಬ್ಬಗಳನ್ನು ಮತ್ತೆ ಸೋಸುವ ಯೋಜನೆಗೆ ೨೦೨೪ರಲ್ಲಿ ರಾಜ್ಯದ ಮಂತ್ರಿಮಂಡಲವು ಸಮ್ಮತಿ ಕೊಟ್ಟಿತು. ಅಜ್ಜನ ಕಸವು ಮೊಮ್ಮಗನ ಅದಿರಾಯಿತು.

ಆದುದರಿಂದ ಗಣಿಯು ಮುಗಿಯಿತೆಂಬುದು ಪ್ರಕೃತಿಯು ಕೊಟ್ಟ ತೀರ್ಪಲ್ಲ. ಮನುಷ್ಯರು ಲೆಕ್ಕ ಹಾಕಿ ಕೊಟ್ಟುಕೊಂಡ ತೀರ್ಪು. ತೆಗೆಯುವುದರಿಂದ ಬರುವ ಲಾಭವು ತಗಲುವ ವೆಚ್ಚಕ್ಕೆ ಸಾಟಿಯೆ ಎಂಬುದೇ ಅದರ ಮೂಲಪ್ರಶ್ನೆ. ಹೀಗಿರುವಲ್ಲಿ ವೆಚ್ಚದ ಪಟ್ಟಿಯಲ್ಲಿ ಏನೇನನ್ನು ಬರೆದುಕೊಂಡರು, ಏನೇನನ್ನು ಬಿಟ್ಟರು ಎಂದು ಕೇಳುವುದು ನೀತಿಯ ದೃಷ್ಟಿಯಿಂದ ಅತ್ಯಾವಶ್ಯಕ. ಯಂತ್ರಗಳ ಬೆಲೆ, ವಿದ್ಯುಚ್ಛಕ್ತಿಯ ಬೆಲೆ, ಕೂಲಿ, ಸರ್ಕಾರಕ್ಕೆ ಸಲ್ಲುವ ರಾಜಧನ ಇವು ಪಟ್ಟಿಯಲ್ಲಿ ಸೇರಿದುವು. ಸೇರದೆ ಹೋದ ಬಾಕಿದಾರರು ಮೂವರು.

ಮೊದಲನೆಯ ಬಾಕಿದಾರನು ಗಣಿಯೊಳಗೆ ಇಳಿದ ಕೂಲಿಕಾರನು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ, ಹೆಚ್ಚಾಗಿ ಭೂಮಿಯಿಲ್ಲದ ದಲಿತ ಕುಟುಂಬಗಳ ಜನ ಅವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿತ್ತು. ಬಂಡೆಯನ್ನು ಕೊರೆಯುವಾಗ ಏಳುವ ಕಲ್ಲಿನ ದೂಳು ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನಿಲ್ಲುತ್ತದೆ. ಆ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ೧೯೪೦ರ ದಶಕದಲ್ಲಿ ಗಣಿಯ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಅದರ ಲಕ್ಷಣಗಳು ಕಂಡುಬಂದುವು. ೧೯೩೦ರಲ್ಲಿ ಎಲ್ಲ ಕೆಲಸಗಾರರ ಬೆರಳೊತ್ತನ್ನು ತೆಗೆದುಕೊಳ್ಳಬೇಕೆಂದು ಆಜ್ಞೆಯಾದಾಗ ಅವರು ಕೆಲಸ ನಿಲ್ಲಿಸಿದರು. ಕೂಲಿಯೊಂದಕ್ಕಾಗಿಯೇ ಅಲ್ಲ, ತಮ್ಮನ್ನು ಅಪರಾಧಿಗಳಂತೆ ಕಾಣಬಾರದೆಂಬ ಮಾನದ ಪ್ರಶ್ನೆಗಾಗಿ ಹೂಡಿದ ಮುಷ್ಕರವದು. ಕಂಪನಿಯ ಲೆಕ್ಕದಲ್ಲಿ ದಿನಗೂಲಿಯು ವೆಚ್ಚವಾಗಿ ಕಾಣುತ್ತಿತ್ತು. ಸವೆದುಹೋದ ಶ್ವಾಸಕೋಶವು ಅಲ್ಲಿ ಎಂದೂ ಕಾಣಲಿಲ್ಲ.

ಎರಡನೆಯ ಬಾಕಿದಾರನು ಆ ನೆಲ. ದಿಬ್ಬಗಳಿಂದ ಗಾಳಿಗಾಲದಲ್ಲಿ ಏಳುವ ಬಿಳಿಯ ದೂಳು ಮನೆಗಳೊಳಕ್ಕೂ ಬರುತ್ತದೆ. ಮಳೆಗಾಲದಲ್ಲಿ ಅದೇ ಪುಡಿ ಹೊಲಗಳಿಗೂ ಕೆರೆಗಳಿಗೂ ಕೊಚ್ಚಿಕೊಂಡು ಹೋಗುತ್ತದೆ. ಕೆಲಸ ನಿಂತ ಗಣಿಯ ಗುಂಡಿಗಳಲ್ಲಿ ನೀರು ತುಂಬಿದೆ. ಗಣಿ ತೆರೆದಾಗ ಯಾರೂ ಇದಕ್ಕೆಂದು ಹಣವನ್ನು ತೆಗೆದಿರಿಸಲಿಲ್ಲ. ಮುಚ್ಚುವಾಗ ಯಾರ ಕೈಯಲ್ಲಿಯೂ ಹಣವಿರಲಿಲ್ಲ.

ಮೂರನೆಯ ಬಾಕಿದಾರನು ಇನ್ನೂ ಹುಟ್ಟದವನು. ನಮ್ಮಲ್ಲಿ ಪಿತೃಋಣವೆಂಬ ಭಾವನೆ ಇದೆಯಷ್ಟೆ. ಹಿರಿಯರಿಂದ ಪಡೆದ ಸಾಲವನ್ನು ಅವರಿಗೇ ಹಿಂದಿರುಗಿಸಲು ಸಾಧ್ಯವಿಲ್ಲ, ಮಕ್ಕಳಿಗೆ ಸಲ್ಲಿಸಿ ತೀರಿಸಬೇಕು ಎಂಬುದೇ ಅದರ ತಿರುಳು. ಭೂಮಿಯಲ್ಲಿ ಇಟ್ಟದ್ದನ್ನು ಮುಂದಿನವರ ನಿಕ್ಷೇಪವೆಂದು ಒಪ್ಪಿದರೆ, ಅದನ್ನು ತೆಗೆದು ಮಾರಿದ ತಲೆಮಾರಿನವರು ಅದೇ ಬೆಲೆಯ ಮತ್ತೊಂದು ವಸ್ತುವನ್ನು ಮುಂದಿನವರ ಕೈಗೆ ಕೊಡಬೇಕು. ಹಾಗೆ ಮಾಡದಿದ್ದರೆ ಅದು ಒಡೆಯನಲ್ಲದವನ ಮಾರಾಟವಾಗುತ್ತದೆ.

ಕೋಲಾರದ ವಿಷಯದಲ್ಲಿ ಇಂತಹ ವಿನಿಮಯವು ಸ್ವಲ್ಪಮಟ್ಟಿಗೆ ನಡೆಯಿತೆಂದು ನ್ಯಾಯವಾಗಿ ಹೇಳಬೇಕು. ಗಣಿಗಳಿಗೆ ಶಕ್ತಿಯನ್ನು ಒದಗಿಸುವುದಕ್ಕಾಗಿಯೇ ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರವು ಎದ್ದಿತು. ಅಲ್ಲಿಂದ ತೊಂಬತ್ತು ಮೈಲಿಗೂ ದೂರಕ್ಕೆ ತಂತಿಯನ್ನು ಎಳೆದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ಶಕ್ತಿಯಿಂದ ಬೆಳಕು ಬಂದಿತು. ಚಿನ್ನವು ಮುಗಿದಿದೆ, ಶಿವನಸಮುದ್ರದ ಯಂತ್ರಗಳು ಇಂದಿಗೂ ತಿರುಗುತ್ತಿವೆ. ಒಮ್ಮೆ ಮಾತ್ರ ದೊರೆಯುವ ಸಂಪತ್ತನ್ನು ಮತ್ತೆ ಮತ್ತೆ ಹುಟ್ಟುವ ಸಂಪತ್ತಾಗಿ ಮಾರ್ಪಡಿಸುವುದೆಂದರೆ ಇದೇ. ಗಣಿಗಳ ರಾಜಧನದಿಂದ ಮೈಸೂರು ಸಂಸ್ಥಾನದ ಬೊಕ್ಕಸಕ್ಕೂ ಬಲ ಬಂದಿತು. ಆದರೆ ಲಾಭದ ದೊಡ್ಡ ಪಾಲು ಲಂಡನ್ನಿನ ಪಾಲುದಾರರಿಗೆ ಡಿವಿಡೆಂಡಾಗಿ ಹೋಯಿತು. ಗಣಿಯ ಊರಿಗೇ ಆ ಹೊನ್ನಿನಿಂದ ನಿಲ್ಲುವ ಜೀವನೋಪಾಯವೇನೂ ಏರ್ಪಡಲಿಲ್ಲ. ಗಣಿ ಕೆಲಸಗಾರರ ಮಕ್ಕಳು ಮೊಮ್ಮಕ್ಕಳು ಇಂದು ಬೆಳಗಿನ ಜಾವದ ರೈಲನ್ನು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಮರಳುವರು. ಒಂದು ನಗರಕ್ಕೆ ಬೆಳಕು ಬರಲು ನೆಪವಾದ ಊರು ಆ ನಗರದ ಕೂಲಿಯನ್ನು ನಂಬಿ ಬದುಕಬೇಕಾಗಿ ಬಂದುದು ವಿಧಿಯ ಆಟವೆಂದು ಹೇಳಿ ಸುಮ್ಮನಾಗಲಾಗದು. ಅದು ಲೆಕ್ಕವಿಡದ ಯಜಮಾನಿಕೆಯ ಫಲ.

ಈಗ ಮುಂದಿನ ಶೋಧನೆಯ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಅರಿಯುವುದು ಒಂದು, ಅಗೆಯುವುದು ಮತ್ತೊಂದು. ನೆಲದಡಿಯಲ್ಲಿ ಏನಿದೆಯೆಂದು ತಿಳಿಯುವುದರಲ್ಲಿ ದೋಷವಿಲ್ಲ, ತಿಳಿಯದಿರುವುದೇ ಕರ್ತವ್ಯಲೋಪ. ತನ್ನ ವಶದಲ್ಲಿರುವ ನಿಕ್ಷೇಪವು ಎಷ್ಟೆಂದು ತಿಳಿಯದವನು ಅದನ್ನು ಕಾಯುವುದಾದರೂ ಹೇಗೆ? ಅಲ್ಲದೆ ಶೋಧನೆಯು ತಾನು ಹುಡುಕದೆ ಇದ್ದುದನ್ನು ಕೈಗೆ ಕೊಡುವುದೂ ಉಂಟು. ೧೯೧೫ರಲ್ಲಿ ನಿಜಾಮರ ಸಂಸ್ಥಾನದಲ್ಲಿ ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಬೀಡನ್ ಎಂಬಾತನು ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯ ಮೇಲಣ ಬರೆಹವೊಂದನ್ನು ಕಂಡನು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಮಾತ್ರ ಹೇಳಿಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇದ್ದಿತು. ಕೋಲಾರದಲ್ಲಿಯೂ ೧೯೬೫ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನು ಮತ್ತು ಇಂಗ್ಲೆಂಡಿನ ವಿದ್ವಾಂಸರೊಡನೆ ಸೇರಿ, ಗಣಿಯ ಬಹು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ಹಿಡಿದರು. ಅರಿವಿನಿಂದ ನೆಲಕ್ಕೆ ನಷ್ಟವಿಲ್ಲ. ಅಗೆಯುವುದರ ವಿಚಾರ ಹಾಗಲ್ಲ. ಅಗೆದದ್ದನ್ನು ಮತ್ತೆ ಮುಚ್ಚಿ ಮೊದಲಿನಂತೆ ಮಾಡಲು ಯಾರಿಂದಲೂ ಆಗದು.

ಇಲ್ಲಿ ಪ್ರತಿವಾದಿಯು ಏಳುವನು. ‘ನೆಲದಲ್ಲಿಯೇ ಬಿಟ್ಟ ಚಿನ್ನದಿಂದ ಯಾರಿಗೆ ಪ್ರಯೋಜನ? ಹಸಿದವರಿರುವ ದೇಶದಲ್ಲಿ ಸಂಪತ್ತನ್ನು ಹೂತಿಡುವುದು ಲೋಭಿಯ ಬುದ್ಧಿಯಲ್ಲವೆ?’ ಎಂದು ಅವನು ಕೇಳಬಹುದು. ಇದು ತಳ್ಳಿಹಾಕತಕ್ಕ ಮಾತಲ್ಲ. ಮುಂದಿನವರ ಹೆಸರಿನಲ್ಲಿ ಇಂದಿನ ಬಡವನನ್ನು ಉಪವಾಸ ಕೆಡಹುವುದು ಧರ್ಮವಾಗಲಾರದು. ಆದರೆ ಗಣಿಯಿಂದ ತೆಗೆದ ಹೊನ್ನು ಬಡವನಿಗೆ ಮುಟ್ಟಿದರೆ ಮಾತ್ರ ಈ ವಾದಕ್ಕೆ ಬಲ. ಕೋಲಾರದಲ್ಲಿ ಬಡವನು ಗಣಿಗೆ ಇಳಿದನು, ಹೊನ್ನು ಬೇರೆ ಕಡೆಗೆ ಏರಿತು. ಬಡವನ ಹೆಸರನ್ನು ಮುಂದಿಟ್ಟು ಗಣಿಯನ್ನು ತೆರೆಯಬೇಕೆನ್ನುವವರು, ಅವನ ಪಾಲು ಎಷ್ಟೆಂಬುದನ್ನು ಮೊದಲೇ ಬರೆದು ಕೊಡಬೇಕು.

ಬಿಟ್ಟ ಚಿನ್ನ ನಷ್ಟವಾದಂತೆಯೇ ಎಂಬ ಮಾತಿಗೆ ಹಟ್ಟಿಯೇ ಉತ್ತರ ಹೇಳುತ್ತದೆ. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಗಣಿ ತೋಡಿದ್ದರು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಮೇಲೆ ನೀರು ಸುರಿದು ಸೀಳಿಸಿ, ಆರುನೂರು ಅಡಿಯನ್ನು ಮೀರಿದ ಆಳದವರೆಗೆ ಅವರು ಇಳಿದಿದ್ದರೆಂಬುದಕ್ಕೆ ಹಳೆಯ ಗುಂಡಿಗಳೂ ಅವುಗಳಲ್ಲಿ ಸಿಕ್ಕಿದ ಮರದ ತುಂಡುಗಳೂ ಸಾಕ್ಷಿ. ಆ ಆಳದಲ್ಲಿ ಅವರು ನಿಲ್ಲಿಸಿದರು. ಅವರ ಪಾಲಿಗೆ ಅಂದು ಹಟ್ಟಿಯ ಗಣಿ ಮುಗಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಮತ್ತೆ ಕೆಲಸ ತೊಡಗಿ, ಕೆಲವು ದಶಕಗಳಲ್ಲಿ ನಿಂತು, ೧೯೪೭ರಲ್ಲಿ ಏರ್ಪಟ್ಟ ಕಂಪನಿಯಿಂದ ಮರಳಿ ಮೊದಲಾಯಿತು. ಇಂದು ಅಲ್ಲಿ ತೆಗೆಯುತ್ತಿರುವುದು ಆ ಪ್ರಾಚೀನರು ಬಿಟ್ಟುಹೋದ ಚಿನ್ನವನ್ನೇ. ಎರಡು ಸಾವಿರ ವರ್ಷಗಳಲ್ಲಿ ಅದು ಕೊಳೆಯಲಿಲ್ಲ, ತುಕ್ಕು ಹಿಡಿಯಲಿಲ್ಲ, ಕಳ್ಳರ ಪಾಲಾಗಲಿಲ್ಲ. ಹಣ್ಣನ್ನು ಮರದಲ್ಲಿಯೇ ಬಿಟ್ಟರೆ ಕೆಡುತ್ತದೆ. ಚಿನ್ನವನ್ನು ಬಂಡೆಯಲ್ಲಿಯೇ ಬಿಟ್ಟರೆ ಅದಕ್ಕಿಂತ ಭದ್ರವಾದ ಭಂಡಾರ ಮತ್ತೊಂದಿಲ್ಲ. ಆದಕಾರಣ ಈಗಲೇ ತೆಗೆಯದಿದ್ದರೆ ಕೆಟ್ಟೆವೆಂಬ ಆತುರವು ವಸ್ತುವಿನ ಸ್ವಭಾವಕ್ಕೆ ಸೇರಿದುದಲ್ಲ. ಅದು ನಮ್ಮ ಮನಸ್ಸಿನದು.

‘ಮುಂದಿನವರು ನಮಗಿಂತ ಬುದ್ಧಿವಂತರೂ ಐಶ್ವರ್ಯವಂತರೂ ಆಗುವರು, ಅವರಿಗಾಗಿ ನಾವೇಕೆ ಕಟ್ಟಿಡಬೇಕು?’ ಎಂಬುದು ಇನ್ನೊಂದು ವಾದ. ಬುದ್ಧಿವಂತರಾಗುವುದು ನಿಜವಾದರೆ, ಅದೇ ನಮ್ಮ ಪಕ್ಷಕ್ಕೆ ಹೆಚ್ಚಿನ ಕಾರಣ. ನಾವು ನೂರು ಜನರ ಶ್ವಾಸಕೋಶವನ್ನು ತೆತ್ತು ತೆಗೆಯುವುದನ್ನು ಅವರು ಒಬ್ಬನಿಗೂ ನೋವಾಗದಂತೆ ತೆಗೆಯಬಹುದು. ನಾವು ಬೆಟ್ಟದಷ್ಟು ಕಸವನ್ನು ಬಿಡುವಲ್ಲಿ ಅವರು ಹಿಡಿಯಷ್ಟನ್ನು ಬಿಡಬಹುದು. ಐಶ್ವರ್ಯದ ಮಾತಾದರೋ, ಅದು ಬರಿಯ ಊಹೆ. ನಿಕ್ಷೇಪವನ್ನು ಇಟ್ಟವನು ಧನಿಕನೆಂಬ ಕಾರಣದಿಂದ ಅದನ್ನು ಹಿಂದಿರುಗಿಸಬೇಕಾಗಿಲ್ಲವೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಹಾಗಾದರೆ ಅಗೆಯುವುದೇ ಕೂಡದೆ? ಹಾಗೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅಗೆಯುವ ಮುನ್ನ ಮೂವರು ಬಾಕಿದಾರರಿಗೂ ಉತ್ತರ ಸಿದ್ಧವಾಗಿರಬೇಕು ಎಂಬುದಷ್ಟೇ ನಮ್ಮ ಮಾತು. ಕೆಲಸಗಾರನ ಆರೋಗ್ಯಕ್ಕೂ ಗಣಿ ಮುಚ್ಚಿದ ಮೇಲಣ ಅವನ ಬಾಳಿಗೂ ಮೊದಲೇ ಹಣವನ್ನು ಬೇರೆಯಾಗಿ ಇಡಬೇಕು. ನೆಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗುವೆವೆಂದು ಗಣಿ ತೆರೆಯುವ ದಿನವೇ ಗೊತ್ತುಮಾಡಬೇಕು. ಮಾರಿದ ಹೊನ್ನಿನ ಬೆಲೆಯಲ್ಲಿ ಒಂದು ಭಾಗವು ಕರಗದ ಮೂಲಧನವಾಗಿ ನಿಲ್ಲಬೇಕು.

ಇವು ನಡೆಯಲಾಗದ ಮಾತುಗಳಲ್ಲ. ನಾರ್ವೆ ದೇಶದವರು ೧೯೯೦ರಲ್ಲಿ ಕಾನೂನು ಮಾಡಿ ತಮ್ಮ ಕಡಲಡಿಯ ಎಣ್ಣೆಯ ಆದಾಯವನ್ನು ಒಂದು ರಾಷ್ಟ್ರೀಯ ಮೂಲಧನಕ್ಕೆ ಸೇರಿಸತೊಡಗಿದರು. ಅದರಿಂದ ಹುಟ್ಟುವ ಉತ್ಪತ್ತಿಯಷ್ಟನ್ನೇ ಸರಾಸರಿಯಲ್ಲಿ ವೆಚ್ಚಮಾಡಬೇಕೆಂಬ ಕಟ್ಟಳೆಯನ್ನು ಅವರು ಮಾಡಿಕೊಂಡದ್ದು ೨೦೦೧ರಲ್ಲಿ. ಕೋಲಾರದ ಗಣಿ ಮುಚ್ಚಿದ್ದೂ ಅದೇ ವರ್ಷ. ನಮ್ಮ ದೇಶದಲ್ಲಿಯೂ ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋವೆಯ ಕಬ್ಬಿಣದ ಅದಿರಿನ ಮೊಕದ್ದಮೆಯಲ್ಲಿ, ಮಾರಾಟದ ಹಣದಲ್ಲಿ ನೂರಕ್ಕೆ ಹತ್ತರಷ್ಟನ್ನು ಮುಂದಿನ ತಲೆಮಾರುಗಳ ಹಿತಕ್ಕಾಗಿ ಶಾಶ್ವತವಾಗಿ ತೆಗೆದಿರಿಸಬೇಕೆಂದು ಆಜ್ಞಾಪಿಸಿತು. ೨೦೧೫ರಲ್ಲಿ ಗಣಿಯ ಕಾನೂನನ್ನು ತಿದ್ದಿ, ಗಣಿಗಳಿರುವ ಪ್ರತಿಯೊಂದು ಜಿಲ್ಲೆಯಲ್ಲಿಯೂ ಅಲ್ಲಿಯ ಜನರ ಹಿತಕ್ಕಾಗಿ ಒಂದು ಪ್ರತಿಷ್ಠಾನವನ್ನು ಏರ್ಪಡಿಸಿದರು. ದಾರಿ ತಿಳಿದಿದೆ, ನಡೆಯುವ ಮನಸ್ಸು ಬೇಕು.

ಈ ಮೂರು ನಿಯಮಗಳಿಗೆ ಒಳಪಡಿಸಿದ ಮೇಲೂ ಕೆಲವು ಕಡೆ ಅಗೆಯಬಾರದೆಂದೇ ತೀರ್ಮಾನವಾಗಬಹುದು. ಗದಗು ಜಿಲ್ಲೆಯ ಕಪ್ಪತಗುಡ್ಡದ ಸುತ್ತಣ ಸೀಮೆಯಲ್ಲಿ ಚಿನ್ನವಿರುವುದು ಹೊಸ ಸುದ್ದಿಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಲ್ಲಿ ಕಂಪನಿಗಳು ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಮುಚ್ಚಿಕೊಂಡು ಹೋದುವು. ಆ ಗುಡ್ಡವು ಔಷಧದ ಗಿಡಮೂಲಿಕೆಗಳಿಗೆ ಹೆಸರಾದುದು. ೨೦೧೯ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಮೂಲಿಕೆಯು ಮೊದಲನೆಯ ತೆರನಾದ ಸಂಪತ್ತು, ಕಿತ್ತರೂ ಮತ್ತೆ ಚಿಗುರುವಂಥದು. ಚಿನ್ನವು ಎರಡನೆಯ ತೆರನಾದುದು. ಎರಡನೆಯದಕ್ಕಾಗಿ ಮೊದಲನೆಯದನ್ನು ಬುಡಸಹಿತ ಕಳೆದುಕೊಳ್ಳುವುದು ಎಂತಹ ವ್ಯಾಪಾರವೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಇನ್ನೊಂದು ಸೂಕ್ಷ್ಮವಾದ ವಿಷಯವೂ ಉಂಟು. ಗಣಿ ಮುಚ್ಚಿದ ಊರಿನ ಜನರು ಆಸೆಯಿಂದ ಕಾದಿರುವರು. ಗಣಿಯು ಮತ್ತೆ ತೆರೆಯುವುದೆಂಬ ಸುದ್ದಿಯು ಕೆಲವು ವರ್ಷಗಳಿಗೊಮ್ಮೆ ಹುಟ್ಟುತ್ತದೆ, ಚುನಾವಣೆಯ ಕಾಲದಲ್ಲಿ ಬಲಿಯುತ್ತದೆ, ಅನಂತರ ಆರಿಹೋಗುತ್ತದೆ. ಸಾಧ್ಯವನ್ನು ಸಿದ್ಧವೆಂದು ಹೇಳಿ ಜನರನ್ನು ಕಾಯಿಸುವುದು ಒಂದು ಬಗೆಯ ಅನೃತ. ಆಸೆಯಿಲ್ಲದೆ ಬಾಳು ಸಾಗದು, ನಿಜ. ಆದರೆ ಮತ್ತೊಬ್ಬರು ತಮ್ಮ ಅನುಕೂಲಕ್ಕಾಗಿ ಹುಟ್ಟಿಸಿದ ಆಸೆಯು ಮನುಷ್ಯನ ಕಾಲನ್ನು ಕಟ್ಟಿಹಾಕುತ್ತದೆ. ಹೊಸ ವಿದ್ಯೆಯನ್ನು ಕಲಿಯಬೇಕೆ, ಬೇರೆ ಊರಿಗೆ ಹೋಗಬೇಕೆ, ಹಳೆಯ ಮನೆಯನ್ನು ರಿಪೇರಿ ಮಾಡಿಸಬೇಕೆ ಎಂಬ ಯಾವುದನ್ನೂ ಅವನು ಗಟ್ಟಿಯಾಗಿ ನಿಶ್ಚಯಿಸಲಾರನು. ದಿಬ್ಬಗಳನ್ನು ಸೋಸಿದರೆ ಎಷ್ಟು ಮಂದಿಗೆ ಎಷ್ಟು ವರ್ಷ ಕೆಲಸ ಸಿಕ್ಕುವುದು, ಆಳದ ಗಣಿಯನ್ನು ತೆರೆಯುವ ಯೋಚನೆ ಇದೆಯೇ ಇಲ್ಲವೇ ಎಂಬುದನ್ನು ಆ ಜನರಿಗೆ ನೇರವಾಗಿ ತಿಳಿಸುವುದು ಆಳುವವರ ಮೊದಲನೆಯ ಕರ್ತವ್ಯ. ಕಹಿಯಾದರೂ ನಿಶ್ಚಿತವಾದ ಮಾತು ಕೆಲಸಗಾರನಿಗೆ ಸಲ್ಲತಕ್ಕ ಬಾಕಿಯಲ್ಲಿ ಸೇರಿದೆ.

ಕೊನೆಯದಾಗಿ, ಈ ವಿಚಾರವನ್ನು ಸರ್ಕಾರಕ್ಕೂ ಕಂಪನಿಗಳಿಗೂ ಬಿಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ೨೦೨೩-೨೪ರ ಒಂದೇ ವರ್ಷದಲ್ಲಿ ನಮ್ಮ ದೇಶವು ಹೊರಗಿನಿಂದ ತರಿಸಿಕೊಂಡ ಚಿನ್ನ ಸುಮಾರು ೮೦೦ ಟನ್ನು. ಕೋಲಾರದ ಗಣಿಗಳು ಸಾವಿರಾರು ಜನರ ಪ್ರಾಣವನ್ನು ಸವೆಸಿ ೧೨೦ ವರ್ಷಗಳಲ್ಲಿ ಕೊಟ್ಟಷ್ಟನ್ನು ನಾವು ಒಂದು ವರ್ಷದಲ್ಲಿ ಕೊಂಡೆವು. ಭಾರತದ ಮನೆಗಳಲ್ಲಿ ೨೦,೦೦೦ ಟನ್ನನ್ನು ಮೀರಿದ ಚಿನ್ನವಿದೆಯೆಂದು ವಿಶ್ವ ಸ್ವರ್ಣ ಮಂಡಳಿಯವರ ಅಂದಾಜು. ಹೀಗಿರಲು ಕೋಲಾರದ ತಳವನ್ನು ಇನ್ನಷ್ಟು ಕೆದಕಿದರೂ ಕಪ್ಪತಗುಡ್ಡವನ್ನೇ ಅಗೆದರೂ ನಮ್ಮ ಬಯಕೆಯ ಒಂದು ಮೂಲೆಯೂ ತುಂಬದು. ಟನ್ನಿಗೆ ನಾಲ್ಕು ಗ್ರಾಂ ಕೊಡುವ ಅದಿರಿನಿಂದ ಇಪ್ಪತ್ತು ಗ್ರಾಮಿನ ಒಂದು ಜೊತೆ ಬಳೆಯಾಗಬೇಕಾದರೆ ಐದು ಟನ್ನು ಬಂಡೆಯನ್ನು ಒಡೆದು, ಅರೆದು, ಸೈನೈಡಿನಲ್ಲಿ ತೊಳೆಯಬೇಕು. ಹೆಣ್ಣುಮಕ್ಕಳ ಸ್ತ್ರೀಧನವು ಕಷ್ಟಕಾಲಕ್ಕೆ ಆಗುವ ಆಸರೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬ್ಯಾಂಕಿನ ಬಾಗಿಲನ್ನು ಕಾಣದ ಬಡ ಹೆಂಗಸಿಗೆ ಕಿವಿಯ ಓಲೆಯೇ ಬ್ಯಾಂಕು. ಆದರೆ ಮದುವೆಯ ಚಪ್ಪರದಲ್ಲಿ ನೆರೆದವರ ಕಣ್ಣಿಗಾಗಿ ತೂಗುವ ಚಿನ್ನಕ್ಕೆ ಆ ಸಮರ್ಥನೆ ಸಲ್ಲದು.

ವಿದ್ಯಾವಂತರ ಮನೆಗಳಲ್ಲಿ ಈ ಮಾತು ಮೊದಲು ನಡೆಯಬೇಕು. ಮನೆಯ ಹೆಂಗಸರು ಹಿರಿಯರ ಒಡವೆಯನ್ನು ಸೊಸೆಗೋ ಮಗಳಿಗೋ ಒಪ್ಪಿಸುವಾಗ ‘ಇದು ನನ್ನದಲ್ಲ, ಅತ್ತೆಯವರು ಕೊಟ್ಟದ್ದು, ನಿನ್ನಲ್ಲಿ ಇಟ್ಟಿರು’ ಎಂದು ಹೇಳುವ ವಾಡಿಕೆ ಇಂದಿಗೂ ಎಷ್ಟೋ ಮನೆಗಳಲ್ಲಿದೆ. ನಿಕ್ಷೇಪವೆಂಬ ಮಾತಿನ ಅರ್ಥವನ್ನು ಅವರಿಗೆ ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ. ಪೆಟ್ಟಿಗೆಯೊಳಗಣ ಒಡವೆಯ ವಿಷಯದಲ್ಲಿ ಸಹಜವಾಗಿ ತೋರುವ ಈ ಎಚ್ಚರವನ್ನು ನೆಲದೊಳಗಣ ಹೊನ್ನಿನ ವಿಷಯದಲ್ಲಿಯೂ ತೋರಿದರೆ, ಯಾವ ಗಣಿಯನ್ನು ತೆರೆಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರವು ಅಷ್ಟೇನೂ ದೂರದಲ್ಲಿಲ್ಲ.